ಅರ್ಧ ಗಂಟೆ ಓಡಿ ಬಂದ್ ಬೀಳುವ ರೈಡಿಂಗ್ ಲಾನ್ ಮೋವರ್: ದೋಷ ಎಲ್ಲಿಂದ ಹುಡುಕೋದು?

ಪ್ರಶ್ನೆ: ಕೂತು ಓಡಿಸುವ ಮೋವರ್, ಒಂದೇ ಸಿಲಿಂಡರಿನ ಪೆಟ್ರೋಲ್ ಎಂಜಿನ್, ಕಾರ್ಬುರೇಟರ್ ಇರೋದು. ತಣ್ಣಗಿದ್ದಾಗ ಕೂಡಲೇ ಸ್ಟಾರ್ಟ್ ಆಗುತ್ತೆ. ಅರ್ಧ ಗಂಟೆ ಹುಲ್ಲು ಕತ್ತರಿಸಿದ ಮೇಲೆ ಬಂದ್ ಬೀಳುತ್ತೆ. ಕಾಲು ಗಂಟೆ ಬಿಟ್ಟರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಮತ್ತೆ ಓಡುತ್ತೆ. ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್, ಪೆಟ್ರೋಲ್ ಫಿಲ್ಟರ್ ಮೂರೂ ಹೊಸದು. ಇನ್ನೇನು ಬದಲಾಯಿಸಬೇಕು? ಗೊತ್ತಿರುವವರು ಹೇಳಿ.

ಉತ್ತರ: ಸದ್ಯಕ್ಕೆ ಏನನ್ನೂ ಬದಲಾಯಿಸಬೇಡಿ. ಬಿಸಿಯಾದಾಗ ಮಾತ್ರ ಬರುವ ದೋಷ ಎಂಜಿನ್ ತಣ್ಣಗಾದ ಮೇಲೆ ಸಿಗೋದಿಲ್ಲ, ಹಾಗಾಗಿ ನಿಂತ ಮೊದಲ ಒಂದು ನಿಮಿಷದಲ್ಲೇ ನೋಡಬೇಕು. ಪ್ಲಗ್‌ಗೂ ಅದರ ಕ್ಯಾಪಿಗೂ ನಡುವೆ ಸಿಕ್ಕಿಸುವ, ದೀಪ ಇರುವ ಸ್ಪಾರ್ಕ್ ಟೆಸ್ಟರ್ ಸಿಗುತ್ತೆ. ಅದನ್ನು ಹಾಕಿಕೊಂಡೇ ಓಡಿಸಿ. ಎಂಜಿನ್ ನಿಲ್ಲುವ ಮೊದಲೇ ದೀಪ ಆರಿದರೆ ತೊಂದರೆ ಇಗ್ನಿಷನ್ ಕಡೆ, ಅಂದರೆ ಸ್ಪಾರ್ಕ್ ಕೊಡುವ ಭಾಗದಲ್ಲಿ. ದೀಪ ಮಿನುಗುತ್ತಿದ್ದಾಗಲೇ ಎಂಜಿನ್ ಮಿಸ್ ಹೊಡೆಯುತ್ತಾ ನಿಂತರೆ, ಅದರಲ್ಲೂ ಚೋಕ್ ಎಳೆದಾಗ ಒಂದೆರಡು ಕ್ಷಣ ಚೇತರಿಸಿಕೊಂಡರೆ, ಪೆಟ್ರೋಲ್ ಸಾಲುತ್ತಿಲ್ಲ ಅಂತ ಅರ್ಥ.

ಉತ್ತರ: ಟೆಸ್ಟರ್ ಬರುವ ತನಕ ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಹೋಗೋಕೆ ಸಣ್ಣ ತೂತು ಇರುತ್ತೆ. ಅದು ಧೂಳಿನಿಂದ ಮುಚ್ಚಿದರೆ ಪೆಟ್ರೋಲ್ ಇಳಿದಂತೆಲ್ಲ ಟ್ಯಾಂಕಿನೊಳಗೆ ನಿರ್ವಾತ ಆಗಿ ಹರಿವು ನಿಂತುಬಿಡುತ್ತೆ. ಸುಮ್ಮನೆ ಬಿಟ್ಟಾಗ ಗಾಳಿ ಮೆಲ್ಲಗೆ ನುಸುಳಿ ಮತ್ತೆ ಸರಿಹೋಗುತ್ತೆ. ನೀವು ಹೇಳಿದ ಲಕ್ಷಣವೂ ಇದೇ. ನಿಂತ ಕೂಡಲೇ ಮುಚ್ಚಳ ಸಡಿಲಿಸಿ: ಗಾಳಿ ಒಳಗೆ ಎಳೆದುಕೊಂಡ ಸದ್ದಾಗಿ, ತಕ್ಷಣ ಸ್ಟಾರ್ಟ್ ಆದರೆ ಮುಚ್ಚಳ ಬದಲಾಯಿಸಿದರೆ ಸಾಕು.

ಅದಲ್ಲದಿದ್ದರೆ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕಾರ್ಬುರೇಟರ್ ಹತ್ತಿರ ಪೆಟ್ರೋಲ್ ಪೈಪ್ ಬಿಚ್ಚಿ ಡಬ್ಬಿಗೆ ಹಿಡಿಯಿರಿ. ಟ್ಯಾಂಕ್ ಕಾರ್ಬುರೇಟರ್‌ಗಿಂತ ಮೇಲಿರುವ ಯಂತ್ರದಲ್ಲಿ ಧಾರೆ ಒಂದೇ ಸಮ ಬರಬೇಕು. ಮೊದಲು ಜೋರಾಗಿ ಬಂದು ಆಮೇಲೆ ಸಣ್ಣಗಾದರೆ ಟ್ಯಾಂಕಿನಿಂದ ಪೆಟ್ರೋಲ್ ಹೊರಬರುವ ತೂತಿನಲ್ಲಿ ಹುಲ್ಲಿನ ಚೂರು ಕೂತಿರಬಹುದು. ಫ್ಯೂಯಲ್ ಪಂಪ್ ಇದ್ದರೆ ಪ್ಲಗ್ ಕ್ಯಾಪ್ ತೆಗೆದು ದೂರ ಇಟ್ಟು ಸ್ಟಾರ್ಟರ್ ತಿರುಗಿಸಿ, ಚಿಮ್ಮಿ ಚಿಮ್ಮಿ ಬರಬೇಕು. ಹಳೆ ರಬ್ಬರ್ ಪೈಪ್ ಹೊರಗೆ ಚೆನ್ನಾಗಿ ಕಂಡರೂ ಒಳಪದರ ಕಿತ್ತು ದಾರಿ ಮುಚ್ಚಿರಬಹುದು.

ಉತ್ತರ: ಟೆಸ್ಟರಿನ ದೀಪ ಆರಿದರೆ ಎಲ್ಲರೂ ನೇರ ಇಗ್ನಿಷನ್ ಕಾಯಿಲ್ (ಸ್ಪಾರ್ಕ್ ಹುಟ್ಟಿಸುವ ತಂತಿ ಸುರುಳಿ) ತರುತ್ತಾರೆ. ದಯವಿಟ್ಟು ಅವಸರ ಬೇಡ. ಕಾಯಿಲಿನ ಒಳಗಿನ ತಂತಿ ಬಿಸಿಗೆ ಹಿಗ್ಗಿ ಸಂಪರ್ಕ ಕಳೆದುಕೊಂಡು, ಆರಿದಾಗ ಕೂಡಿಕೊಳ್ಳೋದು ನಿಜ. ಆದರೆ ಕಾಯಿಲಿಗೆ ಬರುವ ತೆಳು ಕಿಲ್ ವೈರ್ (ಎಂಜಿನ್ ನಿಲ್ಲಿಸೋಕೆ ಇರುವ ವೈರ್) ಎಲ್ಲಾದರೂ ಯಂತ್ರದ ಲೋಹದ ಭಾಗಕ್ಕೆ ತಾಗಿದರೂ ಸ್ಪಾರ್ಕ್ ಹೋಗುತ್ತೆ. ಆ ವೈರ್ ಬಿಚ್ಚಿ ಓಡಿಸಿ ನೋಡಿ. ಆಗಲೂ ಬಿಸಿಯಾದಾಗ ಸ್ಪಾರ್ಕ್ ಹೋದರೆ ಕಾಯಿಲೇ ಕೆಟ್ಟಿದೆ; ಸರಾಗವಾಗಿ ಓಡಿದರೆ ವೈರಿಂಗ್ ಅಥವಾ ಸ್ವಿಚ್. ವೈರ್ ಬಿಚ್ಚಿದಾಗ ಕೀಯಿಂದಾಗಲಿ, ಸೀಟಿನಿಂದ ಎದ್ದರೆ ಎಂಜಿನ್ ನಿಲ್ಲಿಸುವ ಸೀಟ್ ಸ್ವಿಚ್‌ನಿಂದಾಗಲಿ ಸ್ಪಾರ್ಕ್ ನಿಲ್ಲದು. ಬ್ಲೇಡ್ ಚಾಲೂ ಮಾಡಬೇಡಿ, ಯಂತ್ರ ಒಂದೇ ಕಡೆ ನಿಂತಿರಲಿ, ಪೂರ್ತಿ ಚೋಕ್ ಎಳೆದೋ ಪೆಟ್ರೋಲ್ ಮುಚ್ಚಿಯೋ ನಿಲ್ಲಿಸಿ. ಪರೀಕ್ಷೆ ಮುಗಿದ ಕೂಡಲೇ ವೈರ್ ವಾಪಸ್ ಹಾಕಿ.

ಹೊಸ ಕಾಯಿಲಿಗೂ ಫ್ಲೈವೀಲಿನ (ಎಂಜಿನ್ ಜೊತೆ ತಿರುಗುವ ಭಾರದ ಚಕ್ರದ) ಮ್ಯಾಗ್ನೆಟ್‌ಗೂ ನಡುವೆ ಬ್ರಿಗ್ಸ್ ಕಂಪನಿಯ ಅನೇಕ ಎಂಜಿನ್‌ಗಳಲ್ಲಿ 0.25ರಿಂದ 0.36 ಮಿ.ಮೀ. ಗ್ಯಾಪ್ ಇರಬೇಕು. ನಿಮ್ಮ ಎಂಜಿನ್ನಿನ ಅಳತೆ ಮ್ಯಾನುಯಲ್‌ನಲ್ಲಿ ನೋಡಿಕೊಳ್ಳಿ. ಮೇಲಿನ ಫ್ಯಾನ್ ಕವರ್ ಬಿಚ್ಚಿದಾಗ ಸಿಲಿಂಡರನ್ನು ತಣ್ಣಗಿಡುವ ಫಿನ್‌ಗಳ (ಲೋಹದ ರೆಕ್ಕೆಗಳ) ನಡುವೆ ಸೇರಿದ ಒಣಹುಲ್ಲನ್ನೂ ತೆಗೆಯಿರಿ. ಗಾಳಿಯಾಡದೆ ಕಾದರೆ ಹೊಸ ಕಾಯಿಲೂ ಬೇಗ ಸಾಯುತ್ತೆ.

ಉತ್ತರ: ಹಳ್ಳದಿಣ್ಣೆಯಲ್ಲಿ ಕುಲುಕಿದಾಗಲೇ ಬಂದ್ ಬಿದ್ದರೆ ಮೊದಲು ಸೀಟ್ ಸ್ವಿಚ್ಚಿನ ಕನೆಕ್ಟರ್ ನೋಡಿ.

ಉತ್ತರ: ಕರೆಂಟಿನಿಂದ ಪೆಟ್ರೋಲ್ ತೆರೆದು ಮುಚ್ಚುವ ಸೊಲೆನಾಯ್ಡ್ ಬಗ್ಗೆ ಯಾರೂ ಹೇಳಿಲ್ಲ. ಬಹಳಷ್ಟು ಕಾರ್ಬುರೇಟರ್‌ಗಳಲ್ಲಿ ಬೌಲಿನ (ಪೆಟ್ರೋಲ್ ನಿಲ್ಲುವ ಬಟ್ಟಲಿನ) ಕೆಳಗೆ ಇರುತ್ತೆ, 12 ವೋಲ್ಟ್ ಬರದಿದ್ದರೆ ಪೆಟ್ರೋಲ್ ಮುಚ್ಚುತ್ತೆ. ನಿಂತ ತಕ್ಷಣ ಕೀ ಆಫ್ ಮಾಡಿ ಆನ್ ಮಾಡಿದಾಗ 'ಟಕ್' ಅನ್ನಬೇಕು. ಅನ್ನದಿದ್ದರೆ ಅದರ ವೈರಿನಲ್ಲಿ ಮಲ್ಟಿಮೀಟರ್ ಹಿಡಿಯಿರಿ: ವೋಲ್ಟೇಜ್ ಇದ್ದೂ ಸದ್ದಿಲ್ಲ ಅಂದರೆ ಸೊಲೆನಾಯ್ಡ್ ಹೋಗಿದೆ, ವೋಲ್ಟೇಜೇ ಇಲ್ಲ ಅಂದರೆ ಫ್ಯೂಸ್, ಕೀ ಸ್ವಿಚ್, ಬ್ಯಾಟರಿ ಟರ್ಮಿನಲ್. ಎಂಜಿನ್ ಪೂರ್ತಿ ವೇಗದಲ್ಲಿದ್ದಾಗ ಬ್ಯಾಟರಿಯಲ್ಲಿ 13.5ರಿಂದ 14.5 ವೋಲ್ಟ್ ಕಾಣಬೇಕು. ಚಾರ್ಜ್ ಆಗದಿದ್ದರೆ ಬ್ಯಾಟರಿ ಇಳಿಯುತ್ತಾ ಬಂದು ಸೊಲೆನಾಯ್ಡ್ ಕೈಬಿಡುತ್ತೆ, ಸ್ಪಾರ್ಕ್ ಸರಿಯಿದ್ದರೂ ಎಂಜಿನ್ ನಿಲ್ಲುತ್ತೆ.