ಸಹಾಯ ಬೇಕು: ತೋಟದ ಊಟಕ್ಕೆ ಮಜ್ಜಿಗೆ, ಪಾನಕ ತಣ್ಣಗಿಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮೇ ತಿಂಗಳಲ್ಲಿ ಹಿರಿಯೂರಿನ ಹತ್ತಿರ ನಮ್ಮ ತೋಟದಲ್ಲಿ ಮಗಳ ನಾಮಕರಣ. ಸುಮಾರು 120 ಜನ. ತೋಟದಲ್ಲಿ ಫ್ರಿಜ್ ಇಲ್ಲ, ಕರೆಂಟಂತೂ ಬಂದಾಗ ಬಂತು. ಮಜ್ಜಿಗೆ 30 ಲೀಟರ್, ಬೆಲ್ಲದ ಪಾನಕ 20 ಲೀಟರ್, ಜೊತೆಗೆ ನೀರಿನ ಬಾಟಲಿ. ಮಧ್ಯಾಹ್ನ 3ರವರೆಗೂ ತಣ್ಣಗಿರಬೇಕು.

ಹೋದ ವರ್ಷ ಅಣ್ಣನ ಮಗನ ಹುಟ್ಟುಹಬ್ಬಕ್ಕೆ ಐಸ್ ಗಡ್ಡೆ ಒಡೆದು ಮಜ್ಜಿಗೆಗೇ ಹಾಕಿದ್ದೆವು. ಹನ್ನೆರಡಕ್ಕೆಲ್ಲ ಕರಗಿ, ಕೊತ್ತಂಬರಿ ತೇಲುವ ಬಿಳಿ ನೀರಾಯಿತು. ಚಿಕ್ಕಪ್ಪ ಇವತ್ತಿಗೂ ಆಡಿಕೊಳ್ಳುತ್ತಾರೆ. ಅದು ಕುಡಿಯುವ ನೀರಿನ ಐಸೇ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ಈ ಸಲ ಐಸನ್ನು ಹೊರಗೇ ಇಡುವ ಯೋಚನೆ. ದೊಡ್ಡ ಟಬ್‌ಗೆ ಐಸ್, ನೀರು ಎರಡೂ ಹಾಕಿ, ಮಧ್ಯೆ ಸ್ಟೀಲ್ ಕ್ಯಾನ್ ನಿಲ್ಲಿಸಿ, ಸುತ್ತ ಒದ್ದೆ ಗೋಣಿಚೀಲ ಸುತ್ತುವುದು. ಬಾಟಲಿ ಟಬ್‌ಗೆ ಮಾತ್ರ ನಾಲ್ಕು ಹಿಡಿ ಕಲ್ಲುಪ್ಪು, ಬೇಗ ತಣ್ಣಗಾಗಲಿ ಅಂತ. ಇಷ್ಟು ಸಾಕಾ? 50 ಲೀಟರ್‌ಗೆ ಎಷ್ಟು ಕೆಜಿ ಐಸ್ ಬೇಕಾದೀತು? ಗಡ್ಡೆಯನ್ನು ಹಿಂದಿನ ರಾತ್ರಿಯೇ ತಂದು ಭತ್ತದ ಹೊಟ್ಟಿನಲ್ಲಿ ಮುಚ್ಚಿಟ್ಟರೆ ಬೆಳಗಿನವರೆಗೆ ತಡೆಯುತ್ತಾ? ಮಾಡಿ ನೋಡಿದವರು ಹೇಳಿ. ಮೀನಿನ ಥರ್ಮಾಕೋಲ್ ಡಬ್ಬ ಮಾತ್ರ ಬೇಡ, ಅಜ್ಜಿ ಒಪ್ಪಲ್ಲ.