ಮುಳುಗಿದ ಊರಿಗೆ ಹೊರಟು ನಿಲ್ಲುವ ಅಮ್ಮನಿಗೆ ಏನು ಉತ್ತರ ಕೊಡಲಿ?

ಹಿನ್ನೀರ ಮಗಳು ಕೇಳುತ್ತಾರೆ:

ಅಮ್ಮನಿಗೆ ಈಗ ಎಪ್ಪತ್ತಮೂರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ತಿಯಾಗುವ ಹೊತ್ತಿಗೆ ಅವಳು ಹನ್ನೊಂದೋ ಹನ್ನೆರಡೋ ವರ್ಷದ ಹುಡುಗಿ. ಹುಟ್ಟಿದ ಮನೆ, ತೋಟ, ಊರ ದೇವರ ಬನ ಎಲ್ಲವೂ ಶರಾವತಿ ಹಿನ್ನೀರಿನ ಪಾಲಾದವು. ಈಗ ದಿನವೂ ದೀಪ ಹಚ್ಚುವ ಹೊತ್ತಿಗೆ ಒಂದು ಸೀರೆ, ಎಲೆಯಡಿಕೆ ಸಂಚಿ, ಹಿತ್ತಾಳೆಯ ಗಿಂಡಿ ಇಷ್ಟನ್ನೇ ಗಂಟು ಕಟ್ಟಿಕೊಂಡು ಅಂಗಳಕ್ಕೆ ಇಳಿಯುತ್ತಾಳೆ. "ಕತ್ತಲಾಗುವುದರೊಳಗೆ ಮನೆ ಸೇರಬೇಕು, ಅಪ್ಪಯ್ಯ ಕಾಯುತ್ತಿರುತ್ತಾನೆ" ಎನ್ನುತ್ತಾಳೆ. ಅಜ್ಜ ತೀರಿಕೊಂಡು ನಲವತ್ತು ವರ್ಷ ದಾಟಿದೆ. ಮನೆಯಲ್ಲಿ ಯಾರಾದರೂ ಹಾಗೆಂದು ಹೇಳಿದರೆ ಸಾವಿನ ಸುದ್ದಿ ಆಗಷ್ಟೇ ಕೇಳಿದವಳಂತೆ ಅಳುತ್ತಾಳೆ. ಮರುದಿನ ಮತ್ತೆ ಅದೇ ಗಂಟು.

ಅದೇ ಅಮ್ಮ ಮೆಟ್ಟುಗತ್ತಿಯ ಮುಂದೆ ಕುಳಿತರೆ ಕೈ ತಪ್ಪುವುದೇ ಇಲ್ಲ. ಹಸಿ ಅಡಿಕೆಯನ್ನು ಅಲಗಿಗೆ ಒತ್ತಿ ತಿರುವಿದಳೆಂದರೆ ಸಿಪ್ಪೆ ಒಂದು ಕಡೆ, ಬೆತ್ತಲೆ ಅಡಿಕೆ ಇನ್ನೊಂದು ಕಡೆ. ಸುಲಿಯುತ್ತ ಸುಲಿಯುತ್ತಲೇ ನನ್ನ ಮುಖ ನೋಡಿ, "ನೀನು ಯಾರ ಮನೆಯ ಹುಡುಗಿ?" ಎಂದು ಕೇಳುತ್ತಾಳೆ.

ಸರ್ಕಾರಿ ಆಸ್ಪತ್ರೆಯೊಂದರಲ್ಲಿ ತೋರಿಸಿದೆವು. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯುವ ಕಷ್ಟ ತಪ್ಪಿದೆ, ಆದರೆ ಆಸ್ಪತ್ರೆಯ ಸಾಲು ತಪ್ಪಿಲ್ಲ. ಬೆಳಿಗ್ಗೆ ಚೀಟಿ ಮಾಡಿಸಿದವರು ಒಳಗೆ ಹೋದದ್ದು ಮಧ್ಯಾಹ್ನಕ್ಕೆ. "ವಯಸ್ಸಾಯಿತಲ್ಲಮ್ಮ" ಎಂದು ಶಕ್ತಿಯ ಮಾತ್ರೆ ಬರೆದುಕೊಟ್ಟರು. ವೈದ್ಯರ ಮೇಲೆ ನನಗೆ ಸಿಟ್ಟಿಲ್ಲ, ನಮ್ಮ ಹಿಂದೆ ಬಾಗಿಲಿನಿಂದಾಚೆಗೂ ಜನ ನಿಂತಿದ್ದರು. ಆದರೂ ಅಮ್ಮನಿಗೆ ಏನಾಗಿದೆ ಎಂದು ಒಬ್ಬರಾದರೂ ಹೇಳಬೇಕಲ್ಲ. ಬೆಂಗಳೂರಿನಲ್ಲಿರುವ ಅಣ್ಣನಂತೂ ಫೋನಿನಲ್ಲಿ ಐದು ನಿಮಿಷ ಮಾತನಾಡಿ, "ಚೆನ್ನಾಗಿಯೇ ಇದ್ದಾಳಲ್ಲ" ಎಂದುಬಿಡುತ್ತಾನೆ.

ಸಂಜೆ ಅವಳಿಗೆ ಏನು ಹೇಳಲಿ? ಇನ್ನು ಎಲ್ಲಿ ತೋರಿಸಲಿ?

ನಿವೃತ್ತ ಶುಶ್ರೂಷಕಿ:

ನಾನು ಸರ್ಕಾರಿ ಆಸ್ಪತ್ರೆಗಳಲ್ಲೇ ದುಡಿದವಳು. ಅಂಥ ಸಾಲಿನಲ್ಲಿ ಒಬ್ಬ ರೋಗಿಗೆ ಸಿಗುವುದು ಎರಡು ಮೂರು ನಿಮಿಷ. ಎಪ್ಪತ್ತು ದಾಟಿದವರ ಬಗ್ಗೆ "ಮರೆವು ಜಾಸ್ತಿಯಾಗಿದೆ" ಎಂದಷ್ಟೇ ಹೇಳಿದರೆ ಅದು ವಯಸ್ಸಿನ ಖಾತೆಗೆ ಹೋಗುತ್ತದೆ. ಅದಕ್ಕೇ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಯಾವಾಗ ಶುರುವಾಯಿತು, ನಿಧಾನವಾಗಿ ಬಂತೋ ಒಮ್ಮೆಲೇ ಬಂತೋ, ಮೊದಲು ಮಾಡುತ್ತಿದ್ದ ಯಾವ ಕೆಲಸ ಈಗ ಬರುತ್ತಿಲ್ಲ, ಬಿದ್ದು ತಲೆಗೆ ಪೆಟ್ಟಾಗಿತ್ತೇ, ಏನೇನು ಮಾತ್ರೆ ನುಂಗುತ್ತಿದ್ದಾರೆ. ನೆಗಡಿಗೆ, ತುರಿಕೆಗೆ, ನಿದ್ದೆಗೆ ಎಂದು ಅಂಗಡಿಯಿಂದ ತಂದ ಮಾತ್ರೆಗಳನ್ನೂ ಸೇರಿಸಿ. ಅವುಗಳಲ್ಲಿ ಕೆಲವು ಮಂಕು ಹೆಚ್ಚಿಸುತ್ತವೆ.

ಥೈರಾಯ್ಡ್, ಬಿ12, ಸೋಡಿಯಂ ಪರೀಕ್ಷೆ ಮಾಡಿಸಿ ಎಂದು ನೀವೇ ಕೇಳಿ. ಇವು ಏರುಪೇರಾದರೂ ಮರೆವು, ಗೊಂದಲ ಬರುತ್ತವೆ, ಮತ್ತು ಇವನ್ನು ಸರಿಪಡಿಸಬಹುದು. ಎಂದಾದರೂ ಒಂದೆರಡು ದಿನದಲ್ಲೇ ಗೊಂದಲ ವಿಪರೀತವಾದರೆ ಕಾಯಿಲೆ ಬಲಿಯಿತೆಂದು ಸುಮ್ಮನಿರಬೇಡಿ. ಮೂತ್ರದ ಸೋಂಕು ಇರಬಹುದು. ವಯಸ್ಸಾದವರಲ್ಲಿ ಜ್ವರವೇ ಇಲ್ಲದೆಯೂ ಹೀಗಾಗುತ್ತದೆ.

ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ಯಾವ ಮಂಗಳವಾರ ಎಂದು ವಿಚಾರಿಸಿಕೊಂಡೇ ಹೊರಡಿ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ 2022ರಲ್ಲಿ ಮೆದುಳಿನ ಆರೋಗ್ಯದ ಕಾರ್ಯಕ್ರಮವನ್ನು ಆರಂಭಿಸಿತು. ಅದರಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ತೆರೆದಿರುವ ಮೆದುಳು ಆರೋಗ್ಯ ಕ್ಲಿನಿಕ್‌ಗೆ ಒಮ್ಮೆ ತೋರಿಸಿ. ನಿಮಗೇ ಸಾಕುಸಾಕಾದ ದಿನ 14416ಕ್ಕೆ ಕರೆ ಮಾಡಿ. ಅದು ಟೆಲಿಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಕೊಡಬೇಕಿಲ್ಲ. ಕಾಯಿಲೆ ಅಮ್ಮನಿಗೆ ಬಂದಿದ್ದರೂ ನಿದ್ದೆಗೆಟ್ಟವರು ನೀವು.

ಕಂಡಕ್ಟರ್ ಮಗ:

ಸಂಜೆಯ ಮಾತು ನಾನು ಹೇಳುತ್ತೇನೆ. ನಮ್ಮ ತಂದೆ ಬಸ್ ಕಂಡಕ್ಟರ್ ಆಗಿದ್ದರು. ಮರೆವಿನ ಕಾಯಿಲೆ ಬಂದ ಮೇಲೆ ರಾತ್ರಿ ಎಂಟಾದರೆ, "ಕಲೆಕ್ಷನ್ ಕಟ್ಟಬೇಕು, ಡಿಪೋಗೆ ಹೋಗಬೇಕು" ಎಂದು ಎದ್ದು ನಿಲ್ಲುತ್ತಿದ್ದರು. ನಿವೃತ್ತರಾಗಿದ್ದೀರಿ ಎಂದು ಯಾರೂ ಹೇಳುತ್ತಿರಲಿಲ್ಲ. ಅವರ ಹಳೆಯ ಚರ್ಮದ ಚೀಲವನ್ನು ತಂದು ಕೈಗೆ ಕೊಡುತ್ತಿದ್ದೆವು. ಒಳಗೆ ಚಿಲ್ಲರೆ ಇಟ್ಟಿರುತ್ತಿದ್ದೆವು. ಮಂಚದ ಮೇಲೆ ನಾಣ್ಯಗಳನ್ನು ಜೋಡಿಸಿ ಎಣಿಸುತ್ತಿದ್ದರು, ಲೆಕ್ಕ ತಪ್ಪಿದರೆ ಮೊದಲಿನಿಂದ. "ಬೆಳಿಗ್ಗೆ ಕಟ್ಟಿದರಾಯಿತಂತೆ" ಎಂದರೆ ಒಪ್ಪಿ ಮಲಗುತ್ತಿದ್ದರು.

ನಿಮ್ಮ ಅಮ್ಮನ ಅಪ್ಪಯ್ಯನನ್ನು ದಿನದಿನವೂ ಸಾಯಿಸಬೇಡಿ. ಮನೆಗೆ ಎಷ್ಟು ಅಂಕಣ, ಕೊಟ್ಟಿಗೆ ಯಾವ ಕಡೆ ಎಂದು ಕೇಳಿ. ಜೊತೆಗೆ ತೋಟದ ತನಕ ನಡೆದು ತಿರುಗಿ ಬನ್ನಿ. ಹಸಿವೋ ಮೂತ್ರದ ಒತ್ತಡವೋ ಇದ್ದಾಗಲೂ ಹೀಗೆ ಹೊರಡುತ್ತಾರೆ, ಮೊದಲು ಅದನ್ನು ನೋಡಿ. ಕತ್ತಲು ಕವಿಯುವ ಮೊದಲೇ ಮನೆಯ ಎಲ್ಲ ದೀಪ ಹಾಕಿ. ಮೆಟ್ಟುಗತ್ತಿಯನ್ನು ಯಾರಾದರೂ ಪಕ್ಕದಲ್ಲಿ ಕುಳಿತಾಗ ಮಾತ್ರ ಕೊಡಿ, ಆದರೆ ಕೆಲಸ ತಪ್ಪಿಸಬೇಡಿ.

ಮುಳುಗಡೆ ಕುಟುಂಬದವ:

ನಾವೂ ಅಲ್ಲಿಂದ ಎದ್ದು ಬಂದವರೇ. ಕಡು ಬೇಸಿಗೆಯಲ್ಲಿ ನೀರು ಇಳಿದಾಗ ಮಡೆನೂರಿನ ಹಳೆಯ ಅಣೆಕಟ್ಟು ಮೇಲೆ ಏಳುತ್ತದೆ. ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ. ಕಣ್ಣಾರೆ ಕಂಡರೆ ಸಮಾಧಾನವಾದೀತು.

ನಿವೃತ್ತ ಶುಶ್ರೂಷಕಿ:

ದಯವಿಟ್ಟು ಬೇಡ. ಅವರು ಹುಡುಕುತ್ತಿರುವುದು ಅಪ್ಪಯ್ಯ ಜಗುಲಿಯಲ್ಲಿ ಕುಳಿತಿರುವ ಮನೆಯನ್ನು. ಬಿರುಕುಬಿಟ್ಟ ಕೆಸರು, ಒಣಗಿದ ಬೊಡ್ಡೆ ನೋಡಿ ಇನ್ನಷ್ಟು ಗಾಬರಿಯಾಗುತ್ತಾರೆ. ಬಿಸಿಲಿನ ದಣಿವು ಬೇರೆ.

ಹಿನ್ನೀರ ಮಗಳು:

ಎಲ್ಲರಿಗೂ ಕೈಮುಗಿಯುತ್ತೇನೆ. ಮಡೆನೂರಿನ ಯೋಚನೆ ಬಿಟ್ಟೆ. ನಿನ್ನೆ ಅಮ್ಮ ಗಂಟು ಹಿಡಿದು ಹೊರಟಾಗ ಕೊಟ್ಟಿಗೆ ಎಲ್ಲಿತ್ತು ಎಂದು ಕೇಳಿದೆ. ಬಚ್ಚಲ ಒಲೆಯ ಹಿಂದೆ ಎಂದಳು. ಮೂರು ಎಮ್ಮೆಗಳ ಹೆಸರು ಹೇಳಿದಳು, ಒಂದು ಒದೆಯುತ್ತಿತ್ತಂತೆ. ಅಮ್ಮನ ಬಾಯಿಂದ ನಾನು ಈವರೆಗೆ ಕೇಳದ ಸಂಗತಿಗಳು ಇವು; ಬರೆದಿಟ್ಟುಕೊಳ್ಳುತ್ತಿದ್ದೇನೆ. ಊಟಕ್ಕೆ ಕರೆದಾಗ ಎದ್ದು ಬಂದಳು.

ಅಣ್ಣನಿಗೆ ಇದೆಲ್ಲವನ್ನೂ ಓದಲು ಕಳಿಸಿದ್ದೇನೆ. ಹಬ್ಬಕ್ಕೆ ಬಂದು ಮರುದಿನ ಹೊರಡುವುದು ಬೇಡ, ಒಂದು ವಾರ ಇದ್ದು ಸಂಜೆಗಳನ್ನು ನೀನೇ ನೋಡು ಎಂದೂ ಹೇಳಿದ್ದೇನೆ. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುವಾಗ ಅವನೂ ಇರಲಿ. ಇನ್ನೊಂದು ವಿಷಯ ಗೊತ್ತಿದ್ದವರು ತಿಳಿಸಿ: ಅಷ್ಟು ದೂರದ ಬಸ್ಸಿನಲ್ಲಿ ನಡುದಾರಿಯಲ್ಲೇ ಇಳಿಯುತ್ತೇನೆಂದು ಹಠ ಹಿಡಿದರೆ ಹೇಗೆ ಸಂಭಾಳಿಸಬೇಕು?