ಸಹಾಯ ಬೇಕು: ಸಣ್ಣ ಆಸ್ಪತ್ರೆಗೆ ಸ್ವಾಟ್ ಮಾಡಿದವರು ಯಾರಾದ್ರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಉಡುಪಿ ಹತ್ರ ಒಂದು 40 ಬೆಡ್ಡಿನ ಆಸ್ಪತ್ರೆಯಲ್ಲಿ ನಾನು ಅಡ್ಮಿನ್ ನೋಡಿಕೊಳ್ಳೋದು, ಮುಂದಿನ ಮೂರು ವರ್ಷದ ಪ್ಲಾನಿಗೆ ಸ್ವಾಟ್ ಅನಾಲಿಸಿಸ್ (ಆಸ್ಪತ್ರೆಯ ಶಕ್ತಿ, ದೌರ್ಬಲ್ಯ, ಅವಕಾಶ, ಅಪಾಯ ಪಟ್ಟಿ ಮಾಡಿ ನೋಡೋದು) ಮಾಡಿ ತನ್ನಿ ಅಂತ ದೊಡ್ಡ ಡಾಕ್ಟ್ರು ಹೇಳಿದ್ದಾರೆ.

ಶಕ್ತಿ, ದೌರ್ಬಲ್ಯ ಒಳಗಿನದ್ದು, ಅವಕಾಶ, ಅಪಾಯ ಹೊರಗಿನದ್ದು, ಅಷ್ಟು ಗೊತ್ತುಂಟು. ಆದ್ರೆ ಬರೀಲಿಕ್ಕೆ ಕೂತ್ರೆ ಎಲ್ಲ ಮಿಕ್ಸ್ ಆಗ್ತದೆ ಮಾರಾಯ್ರೆ. ನರ್ಸ್‌ಗಳ ವಿಷಯವೇ ನೋಡಿ, ಎರಡು ವರ್ಷ ಅನುಭವ ಆದ ಕೂಡ್ಲೇ ಗಲ್ಫಿಗೆ ಹೋಗ್ತಾರೆ, ಅಲ್ಲಿ ಸಂಬಳ ಜಾಸ್ತಿ ಅನ್ನೋದು ಹೊರಗಿನ ಅಪಾಯ ಸರಿ, ಆದ್ರೆ ಅವರನ್ನು ಉಳಿಸಿಕೊಳ್ಳಲಿಕ್ಕೆ ನಾವು ಏನೂ ಮಾಡದೆ ಇದ್ದದ್ದು ನಮ್ಮ ದೌರ್ಬಲ್ಯ ಅಲ್ವಾ, ಹಾಗಾದ್ರೆ ಎರಡು ಕಡೆಯೂ ಬರೀಬೇಕಾ?

ಮಣಿಪಾಲದ ಕೆಎಂಸಿ ದೊಡ್ಡಾಸ್ಪತ್ರೆ ಇಷ್ಟು ಹತ್ರ ಇರೋದನ್ನು ನಮ್ಮಲ್ಲಿ ಎಲ್ಲರೂ ಅಪಾಯ ಅಂತಾರೆ. ನಂಗೆ ಹಾಗೆ ಕಾಣೋದಿಲ್ಲ. ದೊಡ್ಡ ಕೇಸ್ ಅಲ್ಲಿಗೆ ರೆಫರ್ ಮಾಡಿ, ಆಪರೇಷನ್ ಆದ ಮೇಲಿನ ಡ್ರೆಸ್ಸಿಂಗ್, ಫಿಸಿಯೋ ಎಲ್ಲ ಮನೆ ಹತ್ರ ನಮ್ಮಲ್ಲೇ ಮಾಡಿದ್ರೆ ಪೇಷಂಟಿಗೂ ಓಡಾಟ ಕಮ್ಮಿ. ಆಯುಷ್ಮಾನ್ ಕಾರ್ಡ್ ಹಿಡ್ಕೊಂಡು ಬರುವ ವಯಸ್ಸಾದವರನ್ನು ವಾಪಸ್ ಕಳಿಸುವಾಗ ತುಂಬಾ ಬೇಜಾರಾಗ್ತದೆ, ಆ ಯೋಜನೆಗೆ ಸೇರೋದನ್ನು ಅವಕಾಶದಲ್ಲಿ ಮೊದಲನೇದಾಗಿ ಹಾಕಿದ್ದೇನೆ.

ಪಟ್ಟಿ ಆದ ಮೇಲೆ ಏನು ಅನ್ನೋದೇ ನನ್ನ ದೊಡ್ಡ ಪ್ರಶ್ನೆ. ಮ್ಯಾನೇಜ್‌ಮೆಂಟ್ ಪ್ರೊಫೆಸರ್ ಹೈಂಜ್ ವೈರಿಚ್ 1982ರಲ್ಲಿ ಹೇಳಿದ ಟೌಸ್ ಮ್ಯಾಟ್ರಿಕ್ಸ್, ಅಂದ್ರೆ ಒಳಗಿನದ್ದನ್ನು ಹೊರಗಿನದ್ದಕ್ಕೆ ಜೋಡಿಸಿ ನಾವು ಮಾಡಬೇಕಾದ ಕೆಲಸ ಯಾವುದು ಅಂತ ಹುಡುಕೋದು, ಅದನ್ನು ಆಸ್ಪತ್ರೆಯಲ್ಲಿ ಯಾರಾದ್ರೂ ಮಾಡಿದ್ದೀರಾ? ಮತ್ತೆ ಆಯಾ, ಲ್ಯಾಬಿನವರು, ಸೆಕ್ಯೂರಿಟಿಯವರು ಸಹ ಸ್ವಾಟ್ ಮೀಟಿಂಗಿನಲ್ಲಿ ಕೂರಬೇಕು ಅಂತ ನನ್ನ ಆಸೆ, ಡಾಕ್ಟ್ರ ಎದುರು ಅವರು ಬಾಯಿ ಬಿಡೋದಿಲ್ಲ, ಚೀಟಿಯಲ್ಲಿ ಹೆಸರಿಲ್ಲದೆ ಬರೆಸಿದ್ರೆ ಆಗ್ತದಾ? ಮೀಟಿಂಗ್ ಬರುವ ಶನಿವಾರ ಉಂಟು, ಗೊತ್ತಿದ್ದವರು ದಯವಿಟ್ಟು ಹೇಳಿ.